ಅಮೋಸ್ ಅಲೊಂಜೊ ಸ್ಟ್ಯಾಗ್: ದೊಡ್ಡ ಮೈದಾನ ತೊರೆದು ಸಣ್ಣ ಕಾಲೇಜಿಗೆ ನಡೆದ ಗುರು

ಅದು 1933ನೇ ಇಸವಿ. ಆರ್ಥಿಕ ಮಹಾಕುಸಿತದಿಂದ ಅಮೆರಿಕ ತತ್ತರಿಸಿದ್ದ ಕಾಲ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ 41 ಋತುಗಳ ಕಾಲ ಫುಟ್‌ಬಾಲ್ ತಂಡವನ್ನು ಪಳಗಿಸಿದ್ದ ಎಪ್ಪತ್ತು ವರ್ಷದ ತರಬೇತುದಾರರೊಬ್ಬರು ಪತ್ನಿಯೊಂದಿಗೆ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಪಟ್ಟಣದತ್ತ ಹೊರಟರು. ಅವರು ಬಿಟ್ಟುಬಂದ ಕ್ರೀಡಾಂಗಣದಲ್ಲಿ ಸುಮಾರು 50,000 ಪ್ರೇಕ್ಷಕರು ಕುಳಿತುಕೊಳ್ಳಬಹುದಾಗಿತ್ತು. ಆ ಕ್ರೀಡಾಂಗಣಕ್ಕೆ ಅವರದೇ ಹೆಸರನ್ನು ಇಡಲಾಗಿತ್ತು. ಅವರು ಸೇರಿಕೊಳ್ಳಲಿದ್ದ ಕಾಲೇಜ್ ಆಫ್ ದಿ ಪೆಸಿಫಿಕ್ ಮೆಥಡಿಸ್ಟ್ ಪರಂಪರೆಯ ಒಂದು ಸಣ್ಣ ಸಂಸ್ಥೆ. ಕೈಯಲ್ಲಿ ಹಣವಿಲ್ಲದ ಕಾಲೇಜು ಅದು.

ಅವರ ಹೆಸರು ಅಮೋಸ್ ಅಲೊಂಜೊ ಸ್ಟ್ಯಾಗ್. ಅಮೆರಿಕನ್ ಫುಟ್‌ಬಾಲ್‌ನ ಭೀಷ್ಮ ಎಂದೇ ಅವರನ್ನು ಕರೆಯಬಹುದು. ಇಲ್ಲಿ ಹೇಳುತ್ತಿರುವ ಫುಟ್‌ಬಾಲ್ ನಮ್ಮ ಬೆಂಗಳೂರಿನ ಬೀದಿಗಳಲ್ಲಿ ಕಾಲಿನಿಂದ ಒದ್ದು ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಯನ್ನು ಮೈಯಿಂದ ತಡೆದು, ಹೆಜ್ಜೆ ಹೆಜ್ಜೆಗೂ ನೆಲ ಗೆಲ್ಲುವ ಆಟ. ಈ ಆಟ ಬೆಳೆದದ್ದು ವೃತ್ತಿಪರ ಕ್ಲಬ್ಬುಗಳಲ್ಲಿ ಅಲ್ಲ, ವಿಶ್ವವಿದ್ಯಾಲಯಗಳ ಅಂಗಳದಲ್ಲಿ. ಆದ್ದರಿಂದಲೇ ಒಂದು ಪ್ರಶ್ನೆ ಹುಟ್ಟಿನಿಂದಲೂ ಅದರ ಬೆನ್ನಿಗಿದೆ. ವಿದ್ಯಾರ್ಥಿಗಳು ಆಡುವ, ಆದರೆ ಅಪಾರ ವೆಚ್ಚ ಬೇಡುವ ಈ ಆಟದ ಖರ್ಚನ್ನು ಭರಿಸುವವರು ಯಾರು? ಶ್ರೀಮಂತ ಸಂಸ್ಥೆಗಳಿಗೆ ಇದು ಅಷ್ಟಾಗಿ ಬಾಧಿಸದು. ಸಣ್ಣ ವಿಶ್ವವಿದ್ಯಾಲಯಗಳಿಗೆ ಮಾತ್ರ ಇದು ಅಳಿವು ಉಳಿವಿನ ಪ್ರಶ್ನೆ. ಸ್ಟ್ಯಾಗ್ ಅವರ 102 ವರ್ಷಗಳ ಬದುಕು ಈ ಪ್ರಶ್ನೆಯ ಎರಡೂ ತುದಿಗಳನ್ನು ಕಂಡಿತ್ತು.

ಚಮ್ಮಾರನ ಮಗ, ಯೇಲ್ ವಿದ್ಯಾರ್ಥಿ

ಸ್ಟ್ಯಾಗ್ ಜನಿಸಿದ್ದು 1862ರ ಆಗಸ್ಟ್ 16ರಂದು, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ತಂದೆ ಪಾದರಕ್ಷೆ ಹೊಲಿದು, ಕೂಲಿ ಮಾಡಿ ದೊಡ್ಡ ಸಂಸಾರವನ್ನು ಸಾಕುತ್ತಿದ್ದರು. ಎಂಟು ಮಕ್ಕಳಲ್ಲಿ ಅಮೋಸ್ ಐದನೆಯವರು. ಬಡತನದ ನಡುವೆಯೂ ಓದಿನ ಹಂಬಲ ಬಿಡದ ಹುಡುಗ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಯನ್ನು ಹಾದು ಯೇಲ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರು. ಪಾದ್ರಿಯಾಗಬೇಕೆಂಬುದು ಅವರ ಆಸೆಯಾಗಿತ್ತು.

ಯೇಲ್‌ನಲ್ಲಿ ಅವರ ಹೆಸರು ಮೊದಲು ಬೆಳಗಿದ್ದು ಬೇಸ್‌ಬಾಲ್‌ನಲ್ಲಿ. ಚೆಂಡೆಸೆತಗಾರರಾಗಿ ಅವರು ತೋರಿದ ಸಾಮರ್ಥ್ಯವನ್ನು ಕಂಡು ವೃತ್ತಿಪರ ತಂಡಗಳು ಕೈತುಂಬ ಹಣದ ಆಮಿಷವೊಡ್ಡಿದವು. ಊಟಕ್ಕೂ ಲೆಕ್ಕ ಹಾಕಿ ಬದುಕುತ್ತಿದ್ದ ವಿದ್ಯಾರ್ಥಿ ಅದನ್ನೆಲ್ಲ ನಿರಾಕರಿಸಿದರು. ಹಣಕ್ಕಾಗಿ ಆಡುವುದು ಆಟದ ಘನತೆಗೆ ಕುಂದು ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಜೀವನಪರ್ಯಂತ ಅವರು ಈ ನಂಬಿಕೆಯನ್ನು ಬಿಡಲಿಲ್ಲ. ಆದರೆ ಅವರೇ ಕಟ್ಟಿದ ತಂಡ ಮುಂದೆ ಹಣದ ದೊಡ್ಡ ಮೂಲವಾಯಿತು ಎಂಬುದು ಗಮನಾರ್ಹ.

1889ರಲ್ಲಿ ಮೊತ್ತಮೊದಲ ಬಾರಿಗೆ ಪ್ರಕಟವಾದ ಅಖಿಲ ಅಮೆರಿಕ ಫುಟ್‌ಬಾಲ್ ತಂಡದ ಪಟ್ಟಿಯಲ್ಲಿ ಸ್ಟ್ಯಾಗ್ ಹೆಸರು ಸೇರಿತ್ತು. ಇತ್ತ ದೈವಶಾಸ್ತ್ರದ ಓದು ಸಾಗಿದ್ದರೂ, ವೇದಿಕೆಯ ಮೇಲೆ ನಿಂತು ಮಾತನಾಡುವ ಕಲೆ ತಮಗೆ ಒಲಿದಿಲ್ಲವೆಂದು ಅವರಿಗೆ ಮನವರಿಕೆಯಾಯಿತು. ಧರ್ಮಪೀಠದಿಂದ ಮಾಡಲಾಗದ್ದನ್ನು ಆಟದ ಬಯಲಿನಲ್ಲಿ ಮಾಡಬಹುದೆಂದು ನಿರ್ಧರಿಸಿದ ಅವರು ದೈಹಿಕ ಶಿಕ್ಷಣದತ್ತ ಹೊರಳಿದರು. ಮದ್ಯ, ತಂಬಾಕು ಮುಟ್ಟದ, ಅವಾಚ್ಯ ಪದವಾಡದ ಶಿಸ್ತನ್ನು ಕೊನೆಯವರೆಗೂ ಪಾಲಿಸಿದರು. ಶಿಷ್ಯರ ಮೇಲೆ ಸಿಟ್ಟು ಮಿತಿಮೀರಿದಾಗ ಕತ್ತೆ ಎಂದು ಬೈಯುವುದೇ ಅವರ ಅತಿ ಕಠಿಣ ಮಾತಾಗಿತ್ತು.

1890ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆ ಸೇರಿದ ಸ್ಟ್ಯಾಗ್, ಅಲ್ಲಿನ ಬೆರಳೆಣಿಕೆಯ ವಿದ್ಯಾರ್ಥಿಗಳನ್ನೇ ಒಗ್ಗೂಡಿಸಿ ತಂಡ ಕಟ್ಟಿದರು. ಮುಂದೆ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಆ ತಂಡದ ಆಟಗಾರರಲ್ಲಿ ಒಬ್ಬರು. 1892ರ ಮಾರ್ಚ್‌ನಲ್ಲಿ ನಡೆದ ಬ್ಯಾಸ್ಕೆಟ್‌ಬಾಲ್‌ನ ಮೊದಲ ಸಾರ್ವಜನಿಕ ಪಂದ್ಯದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು 5-1ರಿಂದ ಮಣಿಸಿದರು. ಅಧ್ಯಾಪಕರ ಪರವಾಗಿ ಆ ಏಕೈಕ ಅಂಕ ಗಳಿಸಿದವರು ಸ್ಟ್ಯಾಗ್. ಸಣ್ಣ ಸಂಸ್ಥೆಯೊಂದರಲ್ಲಿ ಇರುವಷ್ಟರಲ್ಲೇ ತಂಡ ಕಟ್ಟುವ ಪಾಠವನ್ನು ಅವರು ಕಲಿತದ್ದು ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ.

ಷಿಕಾಗೊದಲ್ಲಿ ಹೊಸ ಪ್ರಯೋಗ

ತೈಲ ಉದ್ಯಮಿ ಜಾನ್ ಡಿ. ರಾಕ್‌ಫೆಲ್ಲರ್ ಅವರ ದೇಣಿಗೆಯಿಂದ 1890ರಲ್ಲಿ ಸ್ಥಾಪನೆಗೊಂಡ ಷಿಕಾಗೊ ವಿಶ್ವವಿದ್ಯಾಲಯಕ್ಕೆ ವಿಲಿಯಂ ರೇನಿ ಹಾರ್ಪರ್ ಮೊದಲ ಅಧ್ಯಕ್ಷರಾದರು. ಯೇಲ್‌ನಲ್ಲಿ ಸ್ಟ್ಯಾಗ್ ಅವರಿಗೆ ಪಾಠ ಹೇಳಿದ್ದ ವಿದ್ವಾಂಸರು ಅವರು. ಹೊಸ ಸಂಸ್ಥೆಯ ಹೆಸರು ನಾಡಿನ ಮೂಲೆ ಮೂಲೆಗೆ ಮುಟ್ಟಬೇಕಾದರೆ ಗ್ರಂಥಾಲಯ, ಪ್ರಯೋಗಾಲಯಗಳಷ್ಟೇ ಸಾಲವು ಎಂಬುದನ್ನು ಹಾರ್ಪರ್ ಬಲ್ಲವರಾಗಿದ್ದರು. ಶಿಷ್ಯನಿಗೆ ವಾರ್ಷಿಕ 2,500 ಡಾಲರ್ ಸಂಬಳ, ಸಹ ಪ್ರಾಧ್ಯಾಪಕ ಹುದ್ದೆ ಹಾಗೂ ಕಾಯಂ ನೇಮಕಾತಿಯನ್ನು ನೀಡಿದರು. ಆಟ ಕಲಿಸುವವರಿಗೆ ಪ್ರಾಧ್ಯಾಪಕರ ಸಮಾನ ಸ್ಥಾನ ದೊರೆತದ್ದು ಅಂದಿನ ದಿನಗಳಲ್ಲಿ ಹೊಸ ಸಂಗತಿಯಾಗಿತ್ತು.

1892ರ ಅಕ್ಟೋಬರ್‌ನಲ್ಲಿ ತರಗತಿಗಳು ಆರಂಭವಾದಾಗ ತಂಡಕ್ಕೆ ಬೇಕಾದಷ್ಟು ಹುಡುಗರೇ ಇರಲಿಲ್ಲ. ತರಬೇತುದಾರರೇ ಆಟಗಾರನಾಗಿ ಮೈದಾನಕ್ಕೆ ಇಳಿದರು. ಆಡಲು ನೆಲವೂ ಇರಲಿಲ್ಲ. ಷಿಕಾಗೊದ ಪ್ರಸಿದ್ಧ ವರ್ತಕ ಮಾರ್ಷಲ್ ಫೀಲ್ಡ್ ತಮ್ಮ ಜಮೀನನ್ನು ಬಳಸಿಕೊಳ್ಳಲು ಅನುಮತಿಯಿತ್ತರು. ಬೇಲಿ ಹಾಕುವ ಕೆಲಸದಲ್ಲಿ ಸ್ಟ್ಯಾಗ್ ಅವರೊಂದಿಗೆ ವಿದ್ಯಾರ್ಥಿಗಳೂ ಕೈಜೋಡಿಸಿದರು. ಬೇಲಿ ಬಿದ್ದ ಮೇಲೆಯೇ ಟಿಕೆಟ್ ಮಾರಾಟ ಸಾಧ್ಯವಾದದ್ದು. ಬಯಲಿನಲ್ಲಿ ಉಚಿತವಾಗಿ ನೋಡಬಹುದಾಗಿದ್ದ ಆಟ ಈ ಬೇಲಿಯಿಂದ ವಿಶ್ವವಿದ್ಯಾಲಯಕ್ಕೆ ಒಂದು ವರಮಾನವಾಯಿತು.

ಮೊದಲ ವರ್ಷಗಳಲ್ಲಿ ಲೆಕ್ಕ ಕೂಡಿಸುವುದು ಸುಲಭವಾಗಿರಲಿಲ್ಲ. ತಂಡಕ್ಕೆ ಹೆಸರು ಬರಬೇಕು, ಪ್ರಯಾಣದ ಖರ್ಚು ಹುಟ್ಟಬೇಕು ಎಂದರೆ ದೂರದ ಊರುಗಳಿಗೆ ಹೋಗಿ ಆಡುವುದು ಅನಿವಾರ್ಯವಾಗಿತ್ತು. 1894ರ ಚಳಿಗಾಲದಲ್ಲಿ ಸ್ಟ್ಯಾಗ್ ತಮ್ಮ ಹುಡುಗರನ್ನು ರೈಲುಗಾಡಿಯಲ್ಲಿ ಪೆಸಿಫಿಕ್ ಕರಾವಳಿಗೆ ಕರೆದೊಯ್ದರು. ಕ್ರಿಸ್‌ಮಸ್ ದಿನ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸ್ಟ್ಯಾನ್‌ಫೋರ್ಡ್ ತಂಡವನ್ನು 24-4ರಿಂದ ಸೋಲಿಸಿದರು. ಅಮೆರಿಕದ ಅಗಲವನ್ನು ದಾಟಿ ಕಾಲೇಜು ತಂಡವೊಂದು ಕೈಗೊಂಡ ಆರಂಭಿಕ ಪ್ರವಾಸಗಳಲ್ಲಿ ಇದು ಮುಖ್ಯವಾದದ್ದು.

ಅದೇ ವರ್ಷ ಅವರು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಸ್ಟೆಲ್ಲಾ ರಾಬರ್ಟ್‌ಸನ್ ಅವರನ್ನು ವರಿಸಿದರು. ಪಂದ್ಯಗಳಲ್ಲಿ ಕುಳಿತು ಪ್ರತಿ ನಡೆಯನ್ನೂ ಕಾಗದದ ಮೇಲೆ ಗುರುತಿಸಿ ಪತಿಗೆ ಒಪ್ಪಿಸುವ ಕಾಯಕವನ್ನು ಸ್ಟೆಲ್ಲಾ ದಶಕಗಳ ಕಾಲ ನಡೆಸಿಕೊಂಡು ಬಂದರು. ಸಂಬಳವಿಲ್ಲದ ಈ ಸಹಾಯಕ ತರಬೇತುದಾರರ ಪಾತ್ರ ಸ್ಟ್ಯಾಗ್ ಅವರ ಸಾಧನೆಯಲ್ಲಿ ಕಡಿಮೆಯದೇನಲ್ಲ.

ಗೆಲುವಿನ ಬೆಲೆ

1896ರಲ್ಲಿ ಮಧ್ಯಪಶ್ಚಿಮದ ಏಳು ವಿಶ್ವವಿದ್ಯಾಲಯಗಳು ಸೇರಿ ವೆಸ್ಟರ್ನ್ ಕಾನ್ಫರೆನ್ಸ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಇಂದು ಬಿಗ್ ಟೆನ್ ಎಂದು ಹೆಸರಾದ, ದೂರದರ್ಶನ ಹಕ್ಕುಗಳಿಂದಲೇ ಅಪಾರ ವರಮಾನ ಗಳಿಸುವ ಕೂಟ ಇದೇ. ಸ್ಟ್ಯಾಗ್ ಅವರ ಷಿಕಾಗೊ ತಂಡ ಈ ಕೂಟದ ಪ್ರಶಸ್ತಿಯನ್ನು ಏಳು ಬಾರಿ ಗೆದ್ದುಕೊಂಡಿತು. 1905ರ ಕೃತಜ್ಞತಾ ದಿನದಂದು ತಮ್ಮದೇ ಅಂಗಳದಲ್ಲಿ ಮಿಷಿಗನ್ ತಂಡವನ್ನು 2-0ರಿಂದ ಮಣಿಸಿದ್ದು ಆ ಸಾಧನೆಗಳ ಶಿಖರ. ಅದಕ್ಕೂ ಮುನ್ನ ಸತತ 56 ಪಂದ್ಯಗಳಲ್ಲಿ ಮಿಷಿಗನ್ ಸೋಲನ್ನೇ ಕಂಡಿರಲಿಲ್ಲ.

ಹೀಗೆ ಜನ ನೆರೆದಷ್ಟೂ ಹಣ ಹರಿದುಬಂತು. ಫುಟ್‌ಬಾಲ್ ಟಿಕೆಟ್‌ನ ವರಮಾನದಿಂದ ಹಣ ಹುಟ್ಟದ ಇತರ ಕ್ರೀಡೆಗಳೂ ನಡೆದವು. ಮರದ ಅಟ್ಟಣಿಗೆಗಳ ಜಾಗದಲ್ಲಿ ಕಾಂಕ್ರೀಟಿನ ಗ್ಯಾಲರಿಗಳು ಎದ್ದವು. ಮಾರ್ಷಲ್ ಫೀಲ್ಡ್ ಎಂದು ಕರೆಯಲಾಗುತ್ತಿದ್ದ ಮೈದಾನ ಸ್ಟ್ಯಾಗ್ ಫೀಲ್ಡ್ ಆಯಿತು. ಅವರ ವಿಭಾಗವು ಇತರ ವಿಭಾಗಗಳಂತೆ ಅಧ್ಯಾಪಕ ಮಂಡಳಿಯ ಹಿಡಿತಕ್ಕೆ ಒಳಪಡದೆ ಬಹುಮಟ್ಟಿಗೆ ಸ್ವತಂತ್ರವಾಗಿ ನಡೆಯಿತು.

ಇದರ ಮತ್ತೊಂದು ಮುಖವೂ ಇತ್ತು. ಗೆಲುವು ಹಣ ತರುತ್ತಿದ್ದುದರಿಂದ ಗೆಲ್ಲಬಲ್ಲ ಹುಡುಗರಿಗೆ ಬೇಡಿಕೆ ಹೆಚ್ಚಿತು. 1905ರ ವಿಜಯದ ನಾಯಕಮಣಿ ವಾಲ್ಟರ್ ಎಕರ್ಸಾಲ್ ಆಟದಲ್ಲಿ ಅಪ್ರತಿಮರಾಗಿದ್ದರೂ ಪದವಿ ಪೂರೈಸದೆಯೇ ವಿಶ್ವವಿದ್ಯಾಲಯದಿಂದ ಹೊರಬಿದ್ದರು. ಹಣದ ಸೋಂಕಿಲ್ಲದ ಆಟವನ್ನು ಬೋಧಿಸುತ್ತಿದ್ದ ಗುರುವಿನ ಅಂಗಳದಲ್ಲಿಯೇ ಇದು ನಡೆಯಿತು. ಅದೇ 1905ರಲ್ಲಿ ದೇಶದಾದ್ಯಂತ ಮೈದಾನಗಳಲ್ಲಿ ಹಲವು ಯುವಕರು ಪ್ರಾಣ ಕಳೆದುಕೊಂಡಿದ್ದರು. ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ತಿಳಿಹೇಳಿದರು. ನಿಯಮ ಸಮಿತಿಯಲ್ಲಿದ್ದ ಸ್ಟ್ಯಾಗ್ 1906ರ ಸುಧಾರಣೆಗಳಲ್ಲಿ ಭಾಗಿಯಾದರು. ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್ ಕಾನೂನುಬದ್ಧವಾದದ್ದು ಆ ವರ್ಷವೇ. ಆಟ ಮೊದಲಿಗಿಂತ ಸುರಕ್ಷಿತವಾಯಿತು, ನೋಡಲು ಚೆಲುವಾಯಿತು. ನೋಡುವವರ ಸಂಖ್ಯೆಯೂ ಬೆಳೆಯಿತು.

ಮೊದಲ ಮಹಾಯುದ್ಧದ ನಂತರ ಮಿಷಿಗನ್, ಓಹಿಯೊ, ಇಲಿನಾಯ್ ರಾಜ್ಯಗಳ ಬೃಹತ್ ಸರ್ಕಾರಿ ವಿಶ್ವವಿದ್ಯಾಲಯಗಳು ಒಂದರ ಹಿಂದೊಂದರಂತೆ ಮಹಾ ಕ್ರೀಡಾಂಗಣಗಳನ್ನು ಕಟ್ಟಿದವು. ಅವುಗಳ ವಿದ್ಯಾರ್ಥಿ ಸಂಖ್ಯೆ ಷಿಕಾಗೊಗಿಂತ ಬಹಳ ದೊಡ್ಡದು. ಸಂಶೋಧನೆಯತ್ತ ವಾಲಿದ್ದ ಷಿಕಾಗೊ ಈ ಪೈಪೋಟಿಯಲ್ಲಿ ಹಿಂದೆ ಬೀಳತೊಡಗಿತು. 1924ರ ಪ್ರಶಸ್ತಿಯೇ ಅದರ ಕೊನೆಯ ಪ್ರಶಸ್ತಿಯಾಯಿತು.

ನಿವೃತ್ತಿಯ ಆದೇಶ

1929ರಲ್ಲಿ ಕೇವಲ 30ರ ಹರೆಯದ ರಾಬರ್ಟ್ ಮೇನಾರ್ಡ್ ಹಚಿನ್ಸ್ ಷಿಕಾಗೊದ ಅಧ್ಯಕ್ಷರಾದರು. ವಿಶ್ವವಿದ್ಯಾಲಯದ ಕೆಲಸ ಜ್ಞಾನಾರ್ಜನೆ, ಜನರಂಜನೆಯಲ್ಲ ಎಂಬುದು ಅವರ ನಿಲುವು. ಎಪ್ಪತ್ತು ತುಂಬಿದ ಅಧ್ಯಾಪಕರು ನಿವೃತ್ತರಾಗಬೇಕೆಂಬ ನಿಯಮವನ್ನು ಸ್ಟ್ಯಾಗ್ ಅವರಿಗೂ ಅನ್ವಯಿಸಲಾಯಿತು. ತರಬೇತಿಯ ಹೊಣೆಯಿಲ್ಲದ ಗೌರವದ ಹುದ್ದೆಯೊಂದನ್ನು ಮುಂದಿಟ್ಟಾಗ ಅವರು ಅದನ್ನು ಒಲ್ಲೆನೆಂದರು. ಮೈದಾನದಲ್ಲಿ ಕೆಲಸವಿಲ್ಲದ ಸಂಬಳ ಅವರಿಗೆ ಬೇಕಿರಲಿಲ್ಲ. 1932ರ ಋತು ಷಿಕಾಗೊದಲ್ಲಿ ಅವರ ಕೊನೆಯದಾಯಿತು. ಅಲ್ಲಿ ಅವರ ಗೆಲುವುಗಳು 244, ಸೋಲು 111, ಸಮ 27.

ಸ್ಟಾಕ್ಟನ್‌ನಲ್ಲಿ ಎರಡನೇ ಬದುಕು

ಕಾಲೇಜ್ ಆಫ್ ದಿ ಪೆಸಿಫಿಕ್ 1851ರಷ್ಟು ಹಿಂದೆಯೇ ಸ್ಥಾಪನೆಗೊಂಡಿದ್ದರೂ ಸ್ಟಾಕ್ಟನ್‌ಗೆ ಸ್ಥಳಾಂತರಗೊಂಡದ್ದು 1924ರಲ್ಲಿ. ಹೊಸ ಕಟ್ಟಡಗಳ ಮೇಲೆ ಮಹಾಕುಸಿತದ ಹೊಡೆತ ಬಿದ್ದಿತ್ತು. ಅಧ್ಯಕ್ಷ ಟುಲ್ಲಿ ನೋಲ್ಸ್ ಅವರು ಸಂಸ್ಥೆಯನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದರು. ಇಂತಹ ಹೊತ್ತಿನಲ್ಲಿ ದೇಶಕ್ಕೇ ಗೊತ್ತಿದ್ದ ಸ್ಟ್ಯಾಗ್ ಅವರನ್ನು ಕರೆತಂದದ್ದು ಕಾಲೇಜಿನ ಹೆಸರನ್ನು ಪತ್ರಿಕೆಗಳಿಗೆ ಮುಟ್ಟಿಸುವ ಹೆಜ್ಜೆಯೂ ಆಗಿತ್ತು. ನಾಲ್ಕು ದಶಕಗಳ ಹಿಂದೆ ಹಾರ್ಪರ್ ಹಾಕಿದ್ದ ಲೆಕ್ಕವೇ ಇದು. ಆದರೆ ಬೆನ್ನಿಗೆ ರಾಕ್‌ಫೆಲ್ಲರ್ ಇರಲಿಲ್ಲ.

ಸಣ್ಣ ಊರಿನ ಸಣ್ಣ ಮೈದಾನದಲ್ಲಿ ಟಿಕೆಟ್ ಮಾರಿ ತಂಡವನ್ನು ಸಾಕುವುದು ಸಾಧ್ಯವಿರಲಿಲ್ಲ. ಜನ ಸೇರುತ್ತಿದ್ದುದು ಬರ್ಕ್ಲಿ ಹಾಗೂ ಲಾಸ್ ಏಂಜಲಿಸ್‌ನ ಮಹಾ ಕ್ರೀಡಾಂಗಣಗಳಲ್ಲಿ. ಪ್ರವಾಸಿ ತಂಡಕ್ಕೆ ಗೊತ್ತುಪಡಿಸಿದ ಮೊತ್ತವನ್ನೋ ಟಿಕೆಟ್ ವರಮಾನದಲ್ಲಿ ಪಾಲನ್ನೋ ಕೊಡುವ ಪದ್ಧತಿ ಆಗಲೇ ಇತ್ತು. ಈ ಮೊತ್ತಕ್ಕೆ ಖಾತರಿ ಹಣವೆಂದು ಹೆಸರು. ದುರ್ಬಲ ತಂಡವು ಬಲಿಷ್ಠರ ಮನೆಗೆ ಹೋಗಿ ಆಡುತ್ತದೆ. ಸೋತರೂ ಗೆದ್ದರೂ ಹಣ ಸಿಗುತ್ತದೆ, ಸೋಲು ಬಹುತೇಕ ನಿಶ್ಚಿತ. ಪೆಟ್ಟು ತಿನ್ನುವವರು ಹುಡುಗರು, ತುಂಬುವುದು ಕಾಲೇಜಿನ ಪೆಟ್ಟಿಗೆ. ಪೆಸಿಫಿಕ್ ತಂಡದ ಪಂದ್ಯಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಂತಹ ದೈತ್ಯರ ಹೆಸರುಗಳು ಕಾಣಿಸಿಕೊಂಡವು.

ಸ್ಟ್ಯಾಗ್ ಅವರು ತಮ್ಮ ಹುಡುಗರನ್ನು ಬಲಿಪಶುಗಳಂತೆ ಕಳುಹಿಸಲಿಲ್ಲ. 1934ರಲ್ಲಿ ಪೆಸಿಫಿಕ್ ತಂಡ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ 0-6ರಿಂದ, ಕ್ಯಾಲಿಫೋರ್ನಿಯಾಕ್ಕೆ 6-7ರಿಂದ ಸೋತಿತು. ಅಂಕಪಟ್ಟಿಯಲ್ಲಿ ಇವು ಸೋಲುಗಳೇ ಹೌದು. ಆದರೆ ಒಂದೇ ಅಂಕದ ಅಂತರದಲ್ಲಿ ಬರ್ಕ್ಲಿಯ ಬಲಿಷ್ಠರನ್ನು ನಿಲ್ಲಿಸಿದ ಸಣ್ಣ ಕಾಲೇಜಿನ ಕುರಿತು ಜನ ಮಾತನಾಡುವಂತಾಯಿತು. ತಮಗೆ ಸಮನಾದ ಸಣ್ಣ ಕಾಲೇಜುಗಳ ಫಾರ್ ವೆಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಅವರ ತಂಡ ಐದು ಬಾರಿ ಪ್ರಶಸ್ತಿ ಗಳಿಸಿತು.

ಪೆಸಿಫಿಕ್‌ನಲ್ಲಿ 14 ಋತುಗಳ ಅವರ ಒಟ್ಟು ಲೆಕ್ಕ 60 ಗೆಲುವು, 77 ಸೋಲು, 7 ಸಮ. ಷಿಕಾಗೊದ ಅಂಕಿಗಳ ಪಕ್ಕದಲ್ಲಿ ಇದು ಮಂಕಾಗಿ ಕಾಣುತ್ತದೆ. ಬಲಿಷ್ಠರ ಅಂಗಳದಲ್ಲಿ ಆಡಿದ ಪಂದ್ಯಗಳು ಈ ಸೋಲುಗಳಲ್ಲಿ ಸೇರಿವೆ ಎಂಬುದನ್ನು ಮರೆಯುವಂತಿಲ್ಲ. ಸಣ್ಣ ಕಾಲೇಜಿನ ತರಬೇತುದಾರ ತನ್ನ ಹೆಸರಿನ ಎದುರು ಸೋಲನ್ನು ಬರೆಸಿಕೊಂಡು ಸಂಸ್ಥೆಯ ಖರ್ಚನ್ನು ಹಗುರಗೊಳಿಸಬೇಕಾಗುತ್ತದೆ. ಗೆಲುವಿನ ದಾಖಲೆಯನ್ನು ಕಾಪಾಡಿಕೊಳ್ಳಲು ಬಯಸುವವರು ಎಪ್ಪತ್ತರ ವಯಸ್ಸಿನಲ್ಲಿ ಇಂತಹ ಹುದ್ದೆಯನ್ನು ಒಪ್ಪಿಕೊಳ್ಳುತ್ತಿರಲಿಲ್ಲ.

ಎರಡು ಮೈದಾನಗಳ ಹಣೆಬರಹ

1938ರಲ್ಲಿ ಪೆಸಿಫಿಕ್ ತಂಡ ಷಿಕಾಗೊಗೆ ಪ್ರಯಾಣ ಬೆಳೆಸಿತು. ತಮ್ಮದೇ ಹೆಸರಿನ ಮೈದಾನದಲ್ಲಿ ಸ್ಟ್ಯಾಗ್ ಅತಿಥಿಗಳ ಬದಿಯಲ್ಲಿ ನಿಂತರು. ಅವರ ಸಣ್ಣ ಕಾಲೇಜು 32-0ರಿಂದ ಗೆದ್ದಿತು. ಸ್ಟ್ಯಾಗ್ ನಿರ್ಗಮನದ ನಂತರ ಜೇ ಬರ್ವ್ಯಾಂಗರ್ ಎಂಬ ಆಟಗಾರ 1935ರಲ್ಲಿ ಮೊತ್ತಮೊದಲ ಹೈಸ್ಮನ್ ಪ್ರಶಸ್ತಿ ಪಡೆದಿದ್ದನ್ನು ಬಿಟ್ಟರೆ ಷಿಕಾಗೊ ತಂಡ ಕುಸಿಯುತ್ತಲೇ ಸಾಗಿತ್ತು. 1939ರಲ್ಲಿ ಮಿಷಿಗನ್ ವಿರುದ್ಧ 0-85, ಹಾರ್ವರ್ಡ್ ವಿರುದ್ಧ 0-61, ಓಹಿಯೊ ಸ್ಟೇಟ್ ವಿರುದ್ಧ 0-61ರ ಸೋಲುಗಳು ಎದುರಾದವು. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವು ಅಂತರ ಕಾಲೇಜು ಫುಟ್‌ಬಾಲ್ ಅನ್ನೇ ಕೈಬಿಟ್ಟಿತು. ಹಣವಿಲ್ಲದೆ ಬಿಟ್ಟದ್ದಲ್ಲ. ಗೆಲ್ಲಬೇಕಾದರೆ ಓದಿನ ಮಟ್ಟವನ್ನು ಬದಲಿಸಬೇಕಾಗುತ್ತದೆ, ಆ ಬೆಲೆ ತೆರಲು ತಾನು ಸಿದ್ಧನಿಲ್ಲ ಎಂಬುದು ಹಚಿನ್ಸ್ ಆಡಳಿತದ ವಾದವಾಗಿತ್ತು.

ಮೈದಾನ ಬರಿದಾಯಿತು. ಅದರ ಪಶ್ಚಿಮದ ಗ್ಯಾಲರಿಗಳ ಕೆಳಗಿದ್ದ ಆಟದ ಅಂಕಣವೊಂದರಲ್ಲಿ ಎನ್ರಿಕೊ ಫೆರ್ಮಿ ನೇತೃತ್ವದ ವಿಜ್ಞಾನಿಗಳು 1942ರ ಡಿಸೆಂಬರ್ 2ರಂದು ಮಾನವ ನಿರ್ಮಿತ ಮೊದಲ ಪರಮಾಣು ಸರಣಿ ಕ್ರಿಯೆಯನ್ನು ಸಾಧಿಸಿದರು. ಟಿಕೆಟ್ ಹಣದಿಂದ ಎದ್ದ ಗ್ಯಾಲರಿಗಳ ಅಡಿಯಲ್ಲಿ ಪರಮಾಣು ಯುಗ ಆರಂಭವಾಯಿತು. ಹಳೆಯ ಮೈದಾನವನ್ನು ಕೆಡವಿದ ಜಾಗದಲ್ಲಿ ಈಗ ವಿಶ್ವವಿದ್ಯಾಲಯದ ರೀಗನ್‌ಸ್ಟೈನ್ ಗ್ರಂಥಾಲಯವಿದೆ. ಮೈಸೂರಿನಲ್ಲಿ ಹುಟ್ಟಿದ ಕವಿ ಎ.ಕೆ. ರಾಮಾನುಜನ್ ಅವರು ಮೂರು ದಶಕಗಳ ಕಾಲ ಪಾಠ ಹೇಳಿದ್ದು ಇದೇ ವಿಶ್ವವಿದ್ಯಾಲಯದಲ್ಲಿ ಎಂಬುದು ಕನ್ನಡಿಗರಿಗೆ ತಿಳಿದ ವಿಷಯ. ಆ ಗ್ರಂಥಾಲಯದ ನೆಲದಲ್ಲಿ ಒಂದು ಕಾಲಕ್ಕೆ ಸಹಸ್ರಾರು ಜನರ ಕೂಗು ಮೊಳಗುತ್ತಿತ್ತು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರಲಾರದು.

ಇತ್ತ ಸ್ಟಾಕ್ಟನ್‌ನಲ್ಲಿ ಎರಡನೇ ಮಹಾಯುದ್ಧ ಅನಿರೀಕ್ಷಿತ ನೆರವನ್ನು ತಂದಿತು. ನೌಕಾಪಡೆಯ ವಿ-12 ಎಂಬ ಅಧಿಕಾರಿ ತರಬೇತಿ ಯೋಜನೆಗೆ ಆಯ್ಕೆಯಾದ ಕಾಲೇಜುಗಳಲ್ಲಿ ಪೆಸಿಫಿಕ್ ಕೂಡ ಒಂದು. ಸರ್ಕಾರದ ವೆಚ್ಚದಲ್ಲಿ ಬಂದ ಯುವಕರಲ್ಲಿ ಬೇರೆ ಕಾಲೇಜುಗಳ ಅನುಭವಿ ಆಟಗಾರರೂ ಇದ್ದರು. 1943ರಲ್ಲಿ ಪೆಸಿಫಿಕ್ ತಂಡ ಏಳು ಪಂದ್ಯ ಗೆದ್ದು ಎರಡನ್ನು ಮಾತ್ರ ಸೋತಿತು. ಸೋಲಿಸಿದವರಲ್ಲಿ ಬರ್ಕ್ಲಿ ಮತ್ತು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ತಂಡಗಳೆರಡೂ ಇದ್ದವು. 81ರ ಹರೆಯದ ಸ್ಟ್ಯಾಗ್ ಅವರನ್ನು ದೇಶದ ತರಬೇತುದಾರರು ವರ್ಷದ ಶ್ರೇಷ್ಠ ತರಬೇತುದಾರರೆಂದು ಆರಿಸಿದರು. ಸಂಪನ್ಮೂಲ ಸಮನಾದರೆ ಸಣ್ಣವರು ದೊಡ್ಡವರಿಗೆ ಯಾವುದರಲ್ಲೂ ಕಡಿಮೆಯಿಲ್ಲ ಎಂಬುದಕ್ಕೆ ಆ ಋತು ಸಾಕ್ಷಿ. ಯುದ್ಧ ಮುಗಿದೊಡನೆ ಆ ಸಮಾನತೆಯೂ ಮುಗಿಯಿತು.

ಮಗನ ಜೊತೆಗೆ, ಕೊನೆಯವರೆಗೆ

1946ರ ಋತುವಿನ ನಂತರ ಪೆಸಿಫಿಕ್ ಕೂಡ ಅವರಿಗೆ ಸಲಹೆಗಾರರ ಸ್ಥಾನವನ್ನು ಸೂಚಿಸಿತು. 84 ದಾಟಿದ್ದ ಗುರು ಮತ್ತೊಮ್ಮೆ ಒಲ್ಲೆನೆಂದರು. ಪೆನ್ಸಿಲ್ವೇನಿಯಾದ ಸೆಲಿನ್ಸ್‌ಗ್ರೋವ್‌ನಲ್ಲಿ ಸಸ್ಕ್ವಿಹಾನಾ ಎಂಬ ಇನ್ನೂ ಸಣ್ಣ ವಿಶ್ವವಿದ್ಯಾಲಯದಲ್ಲಿ ಅವರ ಹಿರಿಯ ಮಗ ಅಮೋಸ್ ಅಲೊಂಜೊ ಸ್ಟ್ಯಾಗ್ ಜೂನಿಯರ್ ತರಬೇತುದಾರರಾಗಿದ್ದರು. 1947ರಿಂದ 1952ರವರೆಗೆ ತಂದೆ ಮಗನ ಜೊತೆಗೂಡಿ ಆ ತಂಡವನ್ನು ನೋಡಿಕೊಂಡರು. 1951ರಲ್ಲಿ ಆ ತಂಡ ಒಂದೂ ಪಂದ್ಯ ಸೋಲಲಿಲ್ಲ. ಅಲ್ಲಿ ಮಹಾ ಕ್ರೀಡಾಂಗಣವಿರಲಿಲ್ಲ, ದೈತ್ಯರ ಮನೆಗೆ ಹೋಗಿ ಖಾತರಿ ಹಣ ತರಬೇಕಾದ ಒತ್ತಡವೂ ಇರಲಿಲ್ಲ. ತಮ್ಮ ಅಳತೆಯ ಕಾಲೇಜುಗಳ ವಿರುದ್ಧ ತಮ್ಮ ಅಳತೆಯ ಖರ್ಚಿನಲ್ಲಿ ಆಡಿದ ಆಟ ಅದು.

ನಂತರ ಸ್ಟಾಕ್ಟನ್‌ಗೆ ಮರಳಿದ ಸ್ಟ್ಯಾಗ್ ಅಲ್ಲಿನ ಎರಡು ವರ್ಷಗಳ ಕಿರಿಯ ಕಾಲೇಜಿನಲ್ಲಿ ಚೆಂಡು ಒದೆಯುವವರಿಗೆ ಮಾರ್ಗದರ್ಶನ ನೀಡುತ್ತಾ 1960ರವರೆಗೂ ದುಡಿದರು. 1951ರಲ್ಲಿ ಕಾಲೇಜು ಫುಟ್‌ಬಾಲ್‌ನ ಕೀರ್ತಿಶಾಲೆಗೆ ಅವರನ್ನು ಆಟಗಾರ ಹಾಗೂ ತರಬೇತುದಾರ ಎಂದು ಎರಡೂ ನೆಲೆಯಲ್ಲಿ ಸೇರಿಸಿಕೊಳ್ಳಲಾಗಿತ್ತು. ಎಪ್ಪತ್ತು ವರ್ಷಗಳ ಸಂಗಾತಿ ಸ್ಟೆಲ್ಲಾ 1964ರಲ್ಲಿ ಕಣ್ಮರೆಯಾದರು. 1965ರ ಮಾರ್ಚ್ 17ರಂದು, 102ರ ಹರೆಯದಲ್ಲಿ ಸ್ಟ್ಯಾಗ್ ಸ್ಟಾಕ್ಟನ್‌ನಲ್ಲಿ ಇಹಲೋಕ ತ್ಯಜಿಸಿದರು. ಅವರ 314 ಗೆಲುವುಗಳ ಸಂಖ್ಯೆಯನ್ನು ಅಲಬಾಮಾದ ಬೇರ್ ಬ್ರಯಾಂಟ್ ಮೀರಿದ್ದು 1981ರಲ್ಲಿ.

ಗುರು ಹೋದ ಮೇಲೆ

ಪೆಸಿಫಿಕ್ ಕಾಲೇಜು 1961ರಲ್ಲಿ ವಿಶ್ವವಿದ್ಯಾಲಯ ಎಂಬ ಹೆಸರು ಪಡೆಯಿತು. 1950ರಲ್ಲಿ ಕಟ್ಟಿದ್ದ ಅದರ ಕ್ರೀಡಾಂಗಣಕ್ಕೆ 1988ರಲ್ಲಿ ಸ್ಟ್ಯಾಗ್ ಅವರ ಹೆಸರಿಡಲಾಯಿತು. ಆದರೆ ತಂಡದ ಲೆಕ್ಕ ಕೂಡಿಬರಲಿಲ್ಲ. ಆಟಗಾರರ ವಿದ್ಯಾರ್ಥಿವೇತನ, ತರಬೇತುದಾರರ ಸಂಬಳ, ಪ್ರಯಾಣ, ಸಲಕರಣೆಗಳ ವೆಚ್ಚ ಏರುತ್ತಲೇ ಹೋಯಿತು, ಗ್ಯಾಲರಿ ತುಂಬಲಿಲ್ಲ. 1995ರಲ್ಲಿ ಪೆಸಿಫಿಕ್ ತಂಡ ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಆಗಲಿದ್ದ ನೆಬ್ರಾಸ್ಕಾದ ಅಂಗಳಕ್ಕೆ ಹೋಗಿ 7-49ರಿಂದ ಸೋತು ಬಂತು. ಅದೇ ಡಿಸೆಂಬರ್‌ನಲ್ಲಿ ಹಣದ ಕೊರತೆಯ ಕಾರಣದಿಂದ ಫುಟ್‌ಬಾಲ್ ತಂಡವನ್ನು ಮುಚ್ಚಲಾಯಿತು. ಸ್ಟ್ಯಾಗ್ ಹೆಸರಿನ ಎರಡನೇ ಕ್ರೀಡಾಂಗಣವೂ ತಂಡವಿಲ್ಲದೆ ಉಳಿದು, ಮುಂದೆ ನೆಲಸಮವಾಯಿತು.

ಅವರು ಎದುರಿಸಿದ ಸಮಸ್ಯೆ ಈಗ ಇನ್ನಷ್ಟು ಜಟಿಲಗೊಂಡಿದೆ. ಖಾತರಿ ಹಣದ ಪಂದ್ಯಗಳು ಇಂದಿಗೂ ಸಣ್ಣ ವಿಶ್ವವಿದ್ಯಾಲಯಗಳ ಮುಖ್ಯ ಆಸರೆ. ಕೆಲವು ಪಂದ್ಯಗಳಿಗೆ ಸಿಗುವ ಮೊತ್ತ ಹತ್ತು ಲಕ್ಷ ಡಾಲರ್ ದಾಟುತ್ತದೆ. 2007ರಲ್ಲಿ ಅಪಲೇಚಿಯನ್ ಸ್ಟೇಟ್ 4 ಲಕ್ಷ ಡಾಲರ್ ಪಡೆದು ಮಿಷಿಗನ್‌ಗೆ ಹೋಗಿ, ಆತಿಥೇಯರನ್ನೇ 34-32ರಿಂದ ಸೋಲಿಸಿ ಬಂದದ್ದು ಅಪರೂಪದ ಪವಾಡ. 2024ರಲ್ಲಿ ಕೆಂಟ್ ಸ್ಟೇಟ್ ಟೆನೆಸ್ಸಿಯಲ್ಲಿ 0-71, ಮರುವಾರ ಪೆನ್ ಸ್ಟೇಟ್‌ನಲ್ಲಿ 0-56ರ ಸೋಲುಂಡದ್ದು ಸಾಮಾನ್ಯ ಕಥೆಗೆ ಹತ್ತಿರವಾದದ್ದು. ಇದರ ಜೊತೆಗೆ ಅನೇಕ ಸಂಸ್ಥೆಗಳು ಪ್ರತಿ ವಿದ್ಯಾರ್ಥಿಯಿಂದ ಕ್ರೀಡಾ ಶುಲ್ಕ ವಸೂಲು ಮಾಡುತ್ತವೆ. ಪಂದ್ಯ ನೋಡದ, ಸಾಲ ಮಾಡಿ ಓದುವ ವಿದ್ಯಾರ್ಥಿಯೂ ಇದನ್ನು ಕಟ್ಟಬೇಕು. ಅದೂ ಸಾಲದಾದಾಗ ಸಂಸ್ಥೆಯ ಸಾಮಾನ್ಯ ನಿಧಿಯಿಂದ ಹಣ ಹರಿಯುತ್ತದೆ. 2014ರ ಡಿಸೆಂಬರ್‌ನಲ್ಲಿ ತಂಡವನ್ನು ಮುಚ್ಚುವುದಾಗಿ ಘೋಷಿಸಿದ್ದ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆ, ಊರಿನವರ ದೇಣಿಗೆಯ ಭರವಸೆಯಿಂದ 2015ರಲ್ಲಿ ನಿರ್ಧಾರ ಬದಲಿಸಿ 2017ರಲ್ಲಿ ಮತ್ತೆ ಆಟಕ್ಕಿಳಿಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದ ಬಳಿಕ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ನೀಡಬಹುದಾಗಿದೆ. ಮೊದಲ ವರ್ಷ ಒಂದು ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್‌ವರೆಗಿನ ಈ ಮಿತಿಯನ್ನು ಮುಟ್ಟುವ ಶಕ್ತಿ ಸಣ್ಣವರಿಗೆ ಎಲ್ಲಿಂದ ಬಂದೀತು?

ಇನ್ನೊಂದು ದಾರಿ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಮೂರನೇ ವಿಭಾಗ ಎಂದು ಕರೆಯಲಾಗುವ ಸ್ತರದಲ್ಲಿ ಆಟಗಾರರಿಗೆ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಟಿಕೆಟ್ ವರಮಾನ ನಗಣ್ಯ. ತಂಡಕ್ಕೆ ಸೇರಬಯಸಿ ಬರುವ ಹತ್ತಾರು ಹುಡುಗರು ಶುಲ್ಕ ಕಟ್ಟಿ ಓದುವ ವಿದ್ಯಾರ್ಥಿಗಳೂ ಆಗಿರುವುದರಿಂದ, ದಾಖಲಾತಿ ಕುಸಿಯುತ್ತಿರುವ ಸಣ್ಣ ಕಾಲೇಜುಗಳಿಗೆ ಫುಟ್‌ಬಾಲ್ ತಂಡ ಖರ್ಚಾಗಿ ಅಲ್ಲ, ಆಸರೆಯಾಗಿ ಕಂಡಿದೆ. ಫುಟ್‌ಬಾಲ್ ಅನ್ನು ಕೈಬಿಟ್ಟಿದ್ದ ಷಿಕಾಗೊ ವಿಶ್ವವಿದ್ಯಾಲಯ 1969ರಲ್ಲಿ ಅದನ್ನು ಮತ್ತೆ ಆರಂಭಿಸಿತು. ಹಾರ್ಪರ್ ಮತ್ತು ಹಚಿನ್ಸ್ ಇಬ್ಬರ ಲೆಕ್ಕಕ್ಕೂ ಸಿಗದ ಈ ಮಧ್ಯಮ ಮಾರ್ಗದಲ್ಲಿ, ಮೂರನೇ ವಿಭಾಗದಲ್ಲಿಯೇ ಅದರ ತಂಡ ಆಡುತ್ತಿದೆ. ಅದರ ಹೊಸ ಮೈದಾನದ ಹೆಸರೂ ಸ್ಟ್ಯಾಗ್ ಫೀಲ್ಡ್.

ಈ ಮೂರನೇ ವಿಭಾಗದ ರಾಷ್ಟ್ರೀಯ ಪ್ರಶಸ್ತಿಗಾಗಿ 1973ರಿಂದ ಪ್ರತಿ ಋತುವಿನ ಕೊನೆಯಲ್ಲಿ ನಡೆಯುವ ಅಂತಿಮ ಪಂದ್ಯವನ್ನು ಸ್ಟ್ಯಾಗ್ ಬೌಲ್ ಎಂದು ಕರೆಯಲಾಗುತ್ತದೆ. ಐವತ್ತು ಸಾವಿರ ಜನರ ಮುಂದೆ ಗೆದ್ದ ತರಬೇತುದಾರನ ಹೆಸರು ಉಳಿದಿರುವುದು, ಬೆಳಿಗ್ಗೆ ತರಗತಿಗೆ ಹೋಗಿ ಸಂಜೆ ಅಭ್ಯಾಸಕ್ಕೆ ಬರುವ, ಆಟಕ್ಕಾಗಿ ಚಿಕ್ಕಾಸನ್ನೂ ಪಡೆಯದ ಹುಡುಗರ ಪಂದ್ಯಕ್ಕೆ. ವೃತ್ತಿಪರ ತಂಡಗಳ ಹಣವನ್ನು ಹಿಂದಿರುಗಿಸಿದ್ದ ಯೇಲ್‌ನ ಆ ಬಡ ವಿದ್ಯಾರ್ಥಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಇರಲಾರದು.